ಬೇಗ ಬೆಳೆದರೆ ಸಾಲದು, ಬಲಿಯಬೇಕು
ಕಟ್ಟಡಗಳಿಗೆ ಬಿದಿರು ಬಳಸಬೇಕೆನ್ನುವ ಲೇಖನಕ್ಕೆ ಈ ಪ್ರತಿಕ್ರಿಯೆ. ಸ್ಥಳೀಯ ಬಿದಿರು ಬಳಸಿದರೆ ಸಾಗಣೆಯ ಹೊರೆ ತಗ್ಗುತ್ತದೆ ಎಂಬ ಲೇಖಕರ ಮಾತು ಒಪ್ಪತಕ್ಕದ್ದೇ. ಆದರೆ ಬೇಗ ಬೆಳೆಯುವುದರಿಂದ ಅದು ಕಟ್ಟಡಕ್ಕೆ ಕೂಡಲೇ ಒದಗುತ್ತದೆ ಎಂಬ ಅವರ ಮಾತು ಅರ್ಧಸತ್ಯ. ಬಿದಿರಿನ ಗಳ ಒಂದೇ ಹಂಗಾಮಿನಲ್ಲಿ ಪೂರ್ಣ ಎತ್ತರಕ್ಕೇರಿದರೂ ನಾರು ಬಲಿಯಲು 3ರಿಂದ 5 ವರ್ಷ ಬೇಕು. ಎಳೆಯದನ್ನು ಕಡಿದರೆ ಒಣಗುವಾಗ ಸುಕ್ಕುಗಟ್ಟಿ ಸೀಳುತ್ತದೆ. ಬಲಿತದ್ದರಲ್ಲೂ ಹುಳುಗಳಿಗೆ ಆಹಾರವಾಗುವ ಪಿಷ್ಟ ಇರುವುದರಿಂದ, ಗಿಣ್ಣುಗಳ ಒಳತಡಿಕೆಯನ್ನು ಕೊರೆದು ಹುಳು ತಡೆಯುವ ರಾಸಾಯನಿಕಗಳಾದ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸದಿದ್ದರೆ ಕುಟ್ಟೆ ಹುಳು ಹೊಕ್ಕು, ಗಳದ ಕೆಳಗೆ ನುಣ್ಣನೆಯ ಹಿಟ್ಟು ಉದುರತೊಡಗುತ್ತದೆ. ಆ ದ್ರಾವಣವೂ ಮಳೆನೀರಿಗೆ ತೊಳೆದುಹೋಗುವಂಥದ್ದು. ಹಾಗಾಗಿ ಅಗಲವಾದ ಸೂರು, ಎತ್ತರದ ಕಲ್ಲಿನ ಪೀಠ ಇಲ್ಲದ ವಿನ್ಯಾಸ ನೋಡಲು ಎಷ್ಟೇ ಚೆಂದವಿದ್ದರೂ ಬಾಳುವುದಿಲ್ಲ (ಲೇಖನದ ಚಿತ್ರದಲ್ಲಿ ಕಂಬಗಳನ್ನು ನೇರವಾಗಿ ಮಣ್ಣಿಗೇ ಹೂತಿದ್ದಾರೆ). ಬೆಳೆಗಾರರಿಗೆ ಸಸಿ ಹಂಚುವ ಮೊದಲು ಬಿದಿರು ಮೆಳೆಗಳ ಸಮೀಪದಲ್ಲೇ, ಗಳಗಳನ್ನು ಹೀಗೆ ನೆನೆಸುವ ಸಂಸ್ಕರಣಾ ತೊಟ್ಟಿಗಳನ್ನು ಕಟ್ಟಲು ಹಣ ಒದಗಿಸಬೇಕು.