ಹಳೇ ಕೇಸಿದ್ದರೂ ಕೋವಿ ಲೈಸೆನ್ಸ್ ಸಿಗುತ್ತೆ, ಮುಚ್ಚಿಟ್ಟರೆ ಸಿಕ್ಕಿದ್ದೂ ಹೋಗುತ್ತೆ

ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಕೇಳಿ ಅರ್ಜಿ ಹಾಕುವವರು ಹೆಚ್ಚಾಗಿ ಎಡವುವುದು ಎ-1 ನಮೂನೆಯ ಒಂದೇ ಜಾಗದಲ್ಲಿ. ನಿಮಗೆ ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ? ಶಾಂತಿಪಾಲನೆಗೋ ಸನ್ನಡತೆಗೋ ಮುಚ್ಚಳಿಕೆ ಬರೆದುಕೊಡಲು ಆದೇಶವಾಗಿತ್ತೇ? ಹಿಂದೆ ಅರ್ಜಿ ಹಾಕಿದ್ದಿರಾ, ಏನಾಯಿತು? ತಾಲ್ಲೂಕು ಕಚೇರಿ ಎದುರಿನ ಅರ್ಜಿ ಬರೆಯೋರು ಎಲ್ಲಕ್ಕೂ "ಇಲ್ಲ" ಅಂತ ಹಾಕಿ ಕೈಗೆ ಕೊಡುತ್ತಾರೆ. "ಹಳೇದನ್ನೆಲ್ಲ ಯಾರು ಕೆದಕ್ತಾರೆ ಮಾರಾಯ್ರೆ" ಅನ್ನೋ ಸಮಾಧಾನ ಬೇರೆ.

ಕೆದಕುತ್ತಾರೆ. ಆಯುಧ ಕಾಯ್ದೆ 1959ರ ಕಲಂ 13ರ ಪ್ರಕಾರ ಅರ್ಜಿ ನಿಮ್ಮ ಠಾಣೆಗೆ ವರದಿಗೆ ಹೋಗಲೇಬೇಕು. ವರದಿಯ ಕಣ್ಣು ತಪ್ಪಿಸಿ ಲೈಸೆನ್ಸ್ ಕೈಗೆ ಬಂತು ಅಂತಲೇ ಇಟ್ಟುಕೊಳ್ಳಿ, ಮುಖ್ಯ ಸಂಗತಿ ಮರೆಮಾಚಿ ಪಡೆದದ್ದು ಅನ್ನೋ ಒಂದೇ ಕಾರಣಕ್ಕೆ ಕಲಂ 17ರಡಿ ಅದನ್ನು ರದ್ದು ಮಾಡಬಹುದು. ಪಕ್ಕದ ಜಮೀನಿನವನಿಗೆ ನಿಮ್ಮ ಮೇಲೆ ಸಿಟ್ಟಿದ್ದರೆ ಅದಕ್ಕೆ ಒಂದು ದೂರರ್ಜಿ ಸಾಕು.

ಜನ ಹೆದರುವಷ್ಟು ಕಾನೂನು ಬಿಗಿಯಿಲ್ಲ ಅನ್ನೋದು ನನ್ನ ವಾದ. ಕಲಂ 9 ಸಾರಾಸಗಟಾಗಿ ತಡೆಯುವುದು ಕೆಲವರನ್ನು ಮಾತ್ರ. ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾಗಿದ್ದರೆ, ಆ ಶಿಕ್ಷೆ ಮುಗಿದ ಮೇಲೆ 5 ವರ್ಷ ಕಾಯಬೇಕು. ಜೈಲು ಎಷ್ಟು ದಿನದ್ದು ಅನ್ನೋದು ಲೆಕ್ಕಕ್ಕಿಲ್ಲ. ಆದರೆ ಕೋಳಿ ಅಂಕದಲ್ಲೋ ಇಸ್ಪೀಟಿನಲ್ಲೋ ಸಿಕ್ಕಿ ಕೋರ್ಟಿನಲ್ಲಿ ದಂಡ ಕಟ್ಟಿ ಬಂದವರು ಈ ಕಲಮಿನೊಳಗೆ ಬರುವುದಿಲ್ಲ. ದಂಡವೂ ಶಿಕ್ಷೆಯೇ ಆದ್ದರಿಂದ ನಮೂನೆಯಲ್ಲಿ ಬರೆಯಬೇಕು, ಅಷ್ಟೇ.

ಅತಿ ಹೆಚ್ಚು ಗೊಂದಲ ಇರುವುದು ಮುಚ್ಚಳಿಕೆಯ ವಿಚಾರದಲ್ಲಿ. ಬೇಲಿ ಜಗಳಕ್ಕೆ ಎರಡೂ ಕಡೆಯವರನ್ನು ಠಾಣೆಗೆ ಕರೆಸಿ, ಬೈದು, "ಇನ್ನು ಮುಂದೆ ತಂಟೆಗೆ ಹೋಗುವುದಿಲ್ಲ" ಅಂತ ಬರೆಸಿಕೊಂಡು ಕಳಿಸುತ್ತಾರಲ್ಲ, ಅದು ಒಂದು ಬಗೆ. ಅದಕ್ಕೆ ಎಫ್‌ಐಆರ್ ಇರುವುದಿಲ್ಲ, ಹೆಚ್ಚೆಂದರೆ ಎನ್‌ಸಿ (ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಸಣ್ಣ ದೂರು) ನಂಬರ್ ಇರಬಹುದು. ನಮೂನೆ ಕೇಳುತ್ತಿರುವುದು ಇದನ್ನಲ್ಲ. ತಹಶೀಲ್ದಾರರ ಮುಂದೆ ನಿಲ್ಲಿಸಿ, ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) ಕಲಂ 107 ಅಥವಾ 110ರಡಿ ಆದೇಶ ಮಾಡಿ ಪಡೆದ ಮುಚ್ಚಳಿಕೆಯನ್ನು. 2024ರ ಜುಲೈ 1ರಿಂದ ಇವು ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 126 ಮತ್ತು 129 ಆಗಿವೆ. 107ರದ್ದು ಹೆಚ್ಚೆಂದರೆ 1 ವರ್ಷ, 110ರದ್ದು 3 ವರ್ಷ. ಆ ಅವಧಿ ನಡೆಯುವಾಗ ಲೈಸೆನ್ಸ್ ಇಲ್ಲ. ಮುಗಿದ ಮೇಲೆ ಕಲಂ 9ರ ತಡೆಯೂ ಇಲ್ಲ. ಚುನಾವಣೆ ಹತ್ತಿರ ಬಂದಾಗ ಸಾಲಾಗಿ 107 ಹಾಕುತ್ತಾರೆ, ಸಹಿ ಮಾಡಿ ಬಂದವರಿಗೆ ಯಾವುದಕ್ಕೆ ಸಹಿ ಮಾಡಿದೆವು ಅನ್ನುವುದೂ ನೆನಪಿರುವುದಿಲ್ಲ. ಅರ್ಜಿಗೆ ಮುಂಚೆ ತಹಶೀಲ್ದಾರ್ ಕಚೇರಿಯಲ್ಲಿ ಎಂಎಜಿ (ದಂಡಾಧಿಕಾರಿಯಾಗಿ ತಹಶೀಲ್ದಾರರು ನಡೆಸಿದ) ಕೇಸಿನ ನಂಬರ್ ಹುಡುಕಿಸಿ, ಮುಕ್ತಾಯದ ಆದೇಶದ ದೃಢೀಕೃತ ನಕಲು ತೆಗೆದುಕೊಳ್ಳಿ.

ಕೋರ್ಟು ತಪ್ಪಿತಸ್ಥ ಅಂತ ಹೇಳಿಯೂ ಪ್ರೊಬೇಷನ್ ಕಾಯ್ದೆ 1958ರಡಿ ಎಚ್ಚರಿಕೆ ಕೊಟ್ಟೋ, ಸನ್ನಡತೆಯ ಬಾಂಡ್ ಪಡೆದೋ ಬಿಟ್ಟಿದ್ದರೆ ಅದರ ಕಲಂ 12 ನಿಮ್ಮ ಪರ ಇದೆ. ಶಿಕ್ಷೆಯಿಂದ ಬರುವ ಅನರ್ಹತೆ ಅಂಥವರಿಗೆ ತಟ್ಟುವುದಿಲ್ಲ. ವಕೀಲರೇ ಇದನ್ನು ಮರೆಯುತ್ತಾರೆ. ತೀರ್ಪನ್ನು ಲಗತ್ತಿಸಿ, ಕಲಂ 12ನ್ನು ಒಂದು ಸಾಲಿನಲ್ಲಿ ಕಾಣಿಸಿ. ರಾಜಿಯಾದ ಕೇಸೂ ಖುಲಾಸೆಗೆ ಸಮ.

ಇಷ್ಟೆಲ್ಲ ಇದ್ದೂ ಅರ್ಜಿ ಬೀಳುವುದು ಏಕೆಂದರೆ ಠಾಣೆಯ ವರದಿಯ ಒಂದು ಸಾಲಿನಿಂದ: "ಸದರಿ ಅರ್ಜಿದಾರರ ಮೇಲೆ ಠಾಣಾ ಅ.ಕ್ರ. ಇಂತಿಷ್ಟರಂತೆ ಪ್ರಕರಣ ದಾಖಲಾಗಿರುತ್ತದೆ." ಮುಂದೇನಾಯಿತು? ಅದನ್ನು ಬರೆದಿರುವುದಿಲ್ಲ. ಬಿ ರಿಪೋರ್ಟ್ (ಕೇಸಿನಲ್ಲಿ ಹುರುಳಿಲ್ಲ ಅನ್ನೋ ಪೊಲೀಸರ ಅಂತಿಮ ವರದಿ) ಆಗಿ ಹೋದ ಕೇಸು, ಖುಲಾಸೆಯಾದ ಕೇಸು, ಇವತ್ತಿಗೂ ನಡೆಯುತ್ತಿರುವ ಕೇಸು, ಮೂರೂ ಆ ಸಾಲಿನಲ್ಲಿ ಒಂದೇ ಥರ ಕಾಣುತ್ತವೆ. ಜಿಲ್ಲಾಧಿಕಾರಿ ಕಚೇರಿಯ ಗುಮಾಸ್ತರು "ಪ್ರಕರಣ ಇದೆ" ಅಂತ ಟಿಪ್ಪಣಿ ಹಾಕಿದರೆ ಕಡತ ಅಲ್ಲಿಗೆ ಮುಗಿಯಿತು. ಹಾಗಾಗಿ ಠಾಣೆಯ ಅಪರಾಧ ಕ್ರಮಾಂಕ, ಕೋರ್ಟಿನ ಸಿ.ಸಿ. ನಂಬರ್, ತೀರ್ಪಿನ ದಿನಾಂಕ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು, ತೀರ್ಪಿನ ದೃಢೀಕೃತ ನಕಲಿನ ಜೊತೆ ಒಂದು ಪ್ರತಿ ಅರ್ಜಿಗೆ, ಇನ್ನೊಂದು ಪ್ರತಿ ಠಾಣೆಗೆ ಕೊಡಿ. ಠಾಣೆಯ ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಎಫ್‌ಐಆರ್ ನಂಬರ್ ಹಾಕಿ ನೋಡುವುದನ್ನೂ ಮರೆಯಬೇಡಿ. ಆರೇಳು ಜನ ಆರೋಪಿಗಳಿದ್ದ ಹಳೇ ಕೇಸಿನಲ್ಲಿ ಹಾಜರಾದವರದ್ದು ಖುಲಾಸೆಯಾಗಿ, ಬಾರದವರದ್ದು ಬೇರ್ಪಟ್ಟು ಎಲ್‌ಪಿಸಿ (ದೀರ್ಘಕಾಲ ಬಾಕಿ ಉಳಿದ ಕೇಸು) ಆಗಿರುತ್ತದೆ. ದುಡಿಮೆಗೆ ಬೆಂಗಳೂರಿಗೋ ಮುಂಬಯಿಗೋ ಹೋಗಿದ್ದವರ ಹೆಸರಿನಲ್ಲಿ ವಾರಂಟ್ ಹಾಗೇ ಕೂತಿರುತ್ತದೆ. ಮೊದಲು ಅದನ್ನು ತೀರಿಸಿಕೊಳ್ಳಿ.

ಇನ್ನು ಆಯುಧ ಕಾಯ್ದೆಯ ಕಲಂ 14. ಕಲಂ 9ರ ತಡೆ ಇಲ್ಲದಿದ್ದರೂ, ಕಾಯ್ದೆಯಂತೆ ಈತ ತಕ್ಕವನಲ್ಲ ಅಂತಲೋ ಸಾರ್ವಜನಿಕ ಶಾಂತಿಗೆ ಧಕ್ಕೆ ಅಂತಲೋ ಕಂಡರೆ ಜಿಲ್ಲಾಧಿಕಾರಿ ನಿರಾಕರಿಸಬಹುದು. ಕೇಸು ಬಾಕಿ ಇದೆ ಅನ್ನೋದೊಂದೇ ಸಾಲದು ಅಂತ ಹೈಕೋರ್ಟುಗಳು ಹೇಳಿರುವುದುಂಟು. ಆದರೆ ಹೆಂಡತಿಗೆ ಹೊಡೆದ ಕೇಸು, ಕುಡಿದು ಕತ್ತಿ ಎತ್ತಿದ ಕೇಸು, ಕಳ್ಳಬೇಟೆಯ ಕೇಸು ಇರುವವರಿಗೆ ಇಲ್ಲ ಅಂದರೆ ಅದು ಸರಿಯೇ. ಹಂದಿ ಓಡಿಸಲು ಕೊಟ್ಟ ಕೋವಿ ರಾತ್ರಿಯೆಲ್ಲ ಇರುವುದು ಅದೇ ಮನೆಯ ಗೋಡೆಯಲ್ಲಿ ತಾನೇ? ರೌಡಿ ಶೀಟ್ ತೆರೆದಿದ್ದರೆ ಮೊದಲು ಎಸ್‌ಪಿ ಕಚೇರಿಗೆ ಅದನ್ನು ಮುಚ್ಚುವ ಅರ್ಜಿ ಹಾಕಿ, ಲೈಸೆನ್ಸಿನ ಮಾತು ಆಮೇಲೆ.

ಒಮ್ಮೊಮ್ಮೆ ಹಳೇ ಕೇಸಿಗೂ ವಿಳಂಬಕ್ಕೂ ಸಂಬಂಧವೇ ಇರುವುದಿಲ್ಲ. ವನ್ಯಜೀವಿ ಕಾಯ್ದೆಯ ಕಲಂ 34ರಂತೆ ಅಭಯಾರಣ್ಯದಿಂದ 10 ಕಿ.ಮೀ. ಒಳಗಿದ್ದರೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ವಾರ್ಡನ್ ಅವರ ಒಪ್ಪಿಗೆ ಬೇಕು. ಭದ್ರಾ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿ ಸುತ್ತಲಿನವರ ಕಡತ ಅಲ್ಲೇ ನಿಂತಿರುತ್ತದೆ, ಇವರು ಇಲ್ಲಿ ಠಾಣೆಯವರನ್ನು ಬೈಯುತ್ತಿರುತ್ತಾರೆ.

ನಿರಾಕರಣೆ ಬಂದರೆ ಬಾಯಿಮಾತಿಗೆ ಒಪ್ಪಿ ವಾಪಸ್ ಬರಬೇಡಿ. ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಕೇಳಿದರೆ ಸಂಕ್ಷಿಪ್ತವಾಗಿಯಾದರೂ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಅಡ್ಡಿ ಎನ್ನುವ ಸಂದರ್ಭ ಮಾತ್ರ ಅಪವಾದ. ಆ ಆದೇಶದ ಮೇಲೆ ಆಯುಧ ಕಾಯ್ದೆಯ ಕಲಂ 18ರಡಿ ಮೇಲ್ಮನವಿ 30 ದಿನದೊಳಗೆ. ತಡವಾದರೆ ಸಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ಮೇಲ್ಮನವಿಯಲ್ಲಿ ಹಂದಿ, ಮಂಗ, ಬೆಳೆ ಹಾಳಾದ ಕತೆಯನ್ನೇ ಪುಟಗಟ್ಟಲೆ ಬರೆಯುತ್ತಾರೆ. ಅದು ಎರಡು ಪ್ಯಾರಾ ಸಾಕು. ಠಾಣೆಯ ವರದಿಯ ಯಾವ ಸಾಲು ತಪ್ಪು, ಅದಕ್ಕೆ ಯಾವ ದಾಖಲೆ ಉತ್ತರ ಅನ್ನುವುದು ಮೊದಲ ಪುಟದಲ್ಲೇ ಇರಲಿ. ಹೊಸದಾಗಿ ಮತ್ತೆ ಅರ್ಜಿ ಹಾಕುವುದಾದರೆ, ಈ ನಿರಾಕರಣೆಯನ್ನೂ ಅದರಲ್ಲಿ ಬರೆಯಬೇಕು.