ನಡೆಯುವುದಕ್ಕೂ ಮುಂಚೆ ಸುಸ್ತು

ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ಎಂಬ ಕಾಲುದಾರಿಯಲ್ಲಿ ದಾರಿ ತಪ್ಪಬೇಕೆಂದರೆ ಹಟ ಹಿಡಿದೇ ತಪ್ಪಬೇಕು. ಗ್ಲಾಸ್ಗೋ ಪಕ್ಕದ ಮಲ್‌ಗೈಯಿಂದ ಹೊರಟರೆ ಫೋರ್ಟ್ ವಿಲಿಯಂ ಮುಟ್ಟುವವರೆಗೆ 96 ಮೈಲಿ, ನಮ್ಮ ಲೆಕ್ಕದಲ್ಲಿ 154 ಕಿಲೋಮೀಟರ್. ಅನುಮಾನ ಬರುವ ತಿರುವುಗಳಲ್ಲಿ ಮರದ ಗೂಟ, ಗೂಟದ ಮೇಲೆ ಷಟ್ಕೋನ, ಅದರೊಳಗೊಂದು ಥಿಸಲ್ ಹೂವು. 1980ರಲ್ಲಿ ತೆರೆದ ಈ ದಾರಿಯಲ್ಲಿ ಆ ಹೂವು ನೋಡಿಕೊಂಡು ಹೋಗುತ್ತಿದ್ದರೆ ಬೇರೆ ಬುದ್ಧಿಯೇನೂ ಬೇಕಿಲ್ಲ. ತೊಂದರೆ ಏನೆಂದರೆ, ಗೂಟಗಳು ಶುರುವಾಗುವುದು ಮಲ್‌ಗೈಯಿಂದ. ನಮ್ಮನೆ ಹಾಲ್‌ನಿಂದ ಮಲ್‌ಗೈವರೆಗೆ ಯಾರೂ ಒಂದು ಗೂಟವನ್ನೂ ನೆಟ್ಟಿಲ್ಲ.

ವಿಷಯ ಹುಟ್ಟಿದ್ದು ಸಂಕ್ರಾಂತಿ ಊಟದಲ್ಲಿ. ಎಳ್ಳುಬೆಲ್ಲ ಬಾಯಲ್ಲಿರುವಾಗ ಬೇಡ ಅನ್ನುವುದು ಹೇಗೆ? ಗ್ಲಾಸ್ಗೋದ ನಮ್ಮ ನಾಲ್ಕಾರು ಕನ್ನಡ ಮನೆಯವರೆಲ್ಲ ಒಟ್ಟಿಗೆ "ಹೋಗೋಣ" ಅಂದರು. ಅವತ್ತು ರಾತ್ರಿಯೇ ವಾಟ್ಸಾಪ್ ಗ್ರೂಪ್ ಆಯಿತು. ಬಿಸಿಬೇಳೆಬಾತ್ ಯಾರು ತರುವುದು, ಅಂತ್ಯಾಕ್ಷರಿಗೆ ಹಳೆ ಹಾಡೋ ಹೊಸ ಹಾಡೋ ಎಂದು ಚರ್ಚೆ ನಡೆಯಿತು. ಟೀ ಶರ್ಟಿನ ಬಣ್ಣ ಹಳದಿ-ಕೆಂಪು ಎಂದು ತೀರ್ಮಾನವಾಗುವಷ್ಟರಲ್ಲಿ ಜನವರಿ ಮುಗಿದಿತ್ತು. ಆಮೇಲೆ ಯಾರೋ, "ಅಂದಹಾಗೆ ದಿನಕ್ಕೆ ಎಷ್ಟು ನಡೀಬೇಕು?" ಎಂದು ಕೇಳಿದರು. ನಮ್ಮನೆಯವರು, "ಹನ್ನೆರಡರಿಂದ ಹದಿನೈದು ಮೈಲಿ, ಅಷ್ಟೇ" ಎಂದು ಉತ್ತರ ಹಾಕಿದರು.

ಗ್ರೂಪ್ ಎರಡು ದಿನ ಉಸಿರೆತ್ತಲಿಲ್ಲ. ಆಮೇಲೆ ಒಬ್ಬರಿಗೆ ಮಂಡಿ ನೋವು ಬಂತು. ಇನ್ನೊಬ್ಬರ ಮಗಳಿಗೆ ಪರೀಕ್ಷೆ ಬಂತು. ಹುಡುಗಿ ಇನ್ನೂ ಮೂರನೇ ಕ್ಲಾಸು, ಇರಲಿ. ಮತ್ತೊಬ್ಬರು, "ಒಳ್ಳೊಳ್ಳೆ ಸೀನರಿ ಇರೋ ಕಡೆ ಮಾತ್ರ ಕಾರಲ್ಲಿ ಹೋಗಿ ನಡೆದರೆ ಆಗಲ್ವಾ? ಪಾರ್ಕಿಂಗ್ ಹೇಗೆ?" ಎಂದು ಕೇಳಿದರು. ಹೀಗೆ ಗ್ರೂಪಿನಲ್ಲಿ ಉಳಿದದ್ದು ನಾನು, ನಮ್ಮನೆಯವರು, ಹಾಗೂ ಗ್ರೂಪ್ ಬಿಡುವುದು ಹೇಗೆಂದು ಗೊತ್ತಿಲ್ಲದ ಒಬ್ಬರು.

ಜನ ಕಮ್ಮಿಯಾದಷ್ಟೂ ನಮ್ಮನೆಯವರ ಎಕ್ಸೆಲ್ ಹಾಳೆ ಬೆಳೆಯಿತು. ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟ ಹತ್ತುವ ಮನುಷ್ಯ 1892ರಲ್ಲೇ ಒಂದು ಸೂತ್ರ ಬರೆದಿಟ್ಟಿದ್ದಾನೆ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಇವರು ಅದನ್ನು ಎಕ್ಸೆಲ್‌ಗೆ ಹಾಕಿ, ಕೊನಿಕ್ ಹಿಲ್ ತುದಿಗೆ ನಾವು ಎಷ್ಟು ಹೊತ್ತಿಗೆ ನಿಂತಿರುತ್ತೇವೆ ಎಂದು ನಿಮಿಷದ ಲೆಕ್ಕದಲ್ಲಿ ತೋರಿಸಿದರು. ಟೀಗೆ ನಿಲ್ಲುವುದು, ಕುರಿಮರಿ ನೋಡಲು ನಿಲ್ಲುವುದು, "ಒಂದು ಫೋಟೋ ತೆಗೀರಿ, ಅಯ್ಯೋ ಕಣ್ಣು ಮುಚ್ಚಿದೆ, ಇನ್ನೊಂದು ತೆಗೀರಿ" ಅನ್ನುವುದು ಆ ಸೂತ್ರದಲ್ಲಿರಲಿಲ್ಲ. ನನಗೆಂದು ಬೇರೆ ಕಾಲಂ ಮಾಡಿಸಿದೆ. ಫೋರ್ಟ್ ವಿಲಿಯಂ ಮುಟ್ಟುವುದು ಅರ್ಧ ದಿನ ಮುಂದಕ್ಕೆ ಹೋಯಿತು.

ಆದರೆ ನಿಜವಾದ ಏರು ಇದ್ದದ್ದು ರೂಮು ಹಿಡಿಯುವುದರಲ್ಲಿ. ಮೇ ತಿಂಗಳಲ್ಲಿ ಮಳೆ ಸ್ವಲ್ಪ ಕಮ್ಮಿ, ಕಚ್ಚುವ ನುಸಿ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಇದು ನಮಗೆ ಗೊತ್ತಾದದ್ದು ಫೆಬ್ರವರಿಯಲ್ಲಿ. ಉಳಿದ ಪ್ರಪಂಚಕ್ಕೆ ಹಿಂದಿನ ವರ್ಷವೇ ಗೊತ್ತಾಗಿ ಬುಕ್ ಮಾಡಿ ಕೂತಿದ್ದರು. ಸಾಲದ್ದಕ್ಕೆ ಮೇ ಮೊದಲ ವಾರ ಫೋರ್ಟ್ ವಿಲಿಯಂ ಸುತ್ತಮುತ್ತ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಎಂಬ ಮೋಟಾರ್‌ಸೈಕಲ್ ಸ್ಪರ್ಧೆ. ಇದ್ದಬದ್ದ ಹಾಸಿಗೆಗಳ ಮೇಲೆಲ್ಲ ಬೈಕಿನವರು.

ನಗರದಲ್ಲಾದರೆ ಒಂದು ಹೋಟೆಲ್ ಇಲ್ಲದಿದ್ದರೆ ಪಕ್ಕದ್ದು. ಇಲ್ಲಿ ಹಾಗಲ್ಲ. ಕಿಂಗ್ಸ್‌ಹೌಸ್ ಎಂಬಲ್ಲಿ ಇರುವುದೇ ಒಂದು ಹೋಟೆಲು. ಅದಕ್ಕೂ ಮುಂಚೆ ದಾಟಬೇಕಾದದ್ದು ರಾನಕ್ ಮೂರ್ ಎಂಬ ಬಟಾಬಯಲು ಜವುಗು, ನೆರಳಿಗೆ ಒಂದು ಸೂರೂ ಇಲ್ಲ. ಅಲ್ಲಿ ಮಂಗಳವಾರ ರೂಮಿದೆ ಅಂದರು. ಮಂಗಳವಾರ ಅಲ್ಲಿರಬೇಕೆಂದರೆ ಸೋಮವಾರ ಟಿಂಡ್ರಮ್‌ನಲ್ಲಿರಬೇಕು. ಟಿಂಡ್ರಮ್‌ನಲ್ಲಿ ಸೋಮವಾರ ಫುಲ್, ಭಾನುವಾರ ಖಾಲಿ. ಭಾನುವಾರ ಟಿಂಡ್ರಮ್ ಅಂದರೆ ಶನಿವಾರ ಇನ್ವರಾರ್ನನ್. ಶನಿವಾರ ಅಲ್ಲಿ ಯಾರದೋ ಮದುವೆ. ಒಂದು ಕಡೆ ಸಿಕ್ಕಿತೆಂದು ದುಡ್ಡು ಕಟ್ಟಿದರೆ ಹಿಂದಿನದು ಮುಂದಿನದು ಎರಡೂ ಕೈ ಕೊಡುತ್ತಿದ್ದವು. ಟೆಂಟ್ ಹಾಕೋಣವೆಂದರೆ ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ, ನಿಜ. ಆದರೆ ಲಾಕ್ ಲೋಮಂಡ್ ಸರೋವರದ ಪೂರ್ವ ದಡದಲ್ಲಿ ಮಾತ್ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಮಿಟ್ ಬೇಕು. ನಮ್ಮ ದಾರಿ ಹೋಗುವುದು ಯಾವ ದಡದಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಗಲಾಟೆಯ ಮಧ್ಯೆ ತೀರ್ಥಹಳ್ಳಿಯಿಂದ ಅತ್ತೆ ಬಂದಿಳಿದರು. ಹಾಲ್ ತುಂಬ ಹರಡಿದ್ದ ಮ್ಯಾಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಷ್ಟು ದೂರ ನಡ್ಕೊಂಡು ಹೋದ್ರೆ ಕೊನೇಲಿ ಯಾವ ದೇವಸ್ಥಾನ?" ಎಂದು ಕೇಳಿದರು.

"ದೇವಸ್ಥಾನ ಇಲ್ಲಮ್ಮ. ಕೊನೇಲಿ ಒಂದು ಪ್ರತಿಮೆ ಇದೆ," ಅಂದರು ಇವರು.

"ಯಾರದ್ದು?"

ಫೋರ್ಟ್ ವಿಲಿಯಂನ ಚೌಕದಲ್ಲಿ, ದಾರಿ ಮುಗಿಯುವಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಬೆಂಚಿನ ಮೇಲೆ ಕೂತು ನೋಯುವ ಪಾದ ಉಜ್ಜಿಕೊಳ್ಳುತ್ತಿರುವ ಒಬ್ಬ ನಡಿಗೆಯವನು. ಇವರು ಫೋಟೋ ತೋರಿಸಿದರು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಕಾಲು ನೋಯಿಸ್ಕೊಂಡು ಕೂತ ಗಂಡಸನ್ನ ನೋಡೋಕೆ ಇಷ್ಟು ದೂರ ನಡೀಬೇಕಾ ಮಾರಾಯ? ನಾನು ನಿನ್ನ ಅಪ್ಪನ್ನ ದಿನಾ ನೋಡ್ತಿದ್ನಲ್ಲ."

ಅತ್ತೆಗೆ ನಡಿಗೆ ಹೊಸದಲ್ಲ. ಪ್ರಾಯದಲ್ಲಿ ಶಿವರಾತ್ರಿಗೆ ನೆಂಟರ ಜೊತೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದವರು. ಆಗ ಒಂದು ಚೀಲ, ಒಂದು ಟವೆಲು, ದಾರಿಯಲ್ಲಿ ಯಾರೋ ಕೊಟ್ಟ ಮಜ್ಜಿಗೆ, ಯಾವುದೋ ಶಾಲೆಯ ಜಗುಲಿ. ಇಲ್ಲಿಯೂ ದಾರಿ ಪಕ್ಕ ಕೆಲವು ಕಡೆ ಪೆಟ್ಟಿಗೆಯಲ್ಲಿ ಜ್ಯೂಸು, ಮಿಠಾಯಿ ಇಟ್ಟಿರುತ್ತಾರೆ, ನಾವೇ ದುಡ್ಡು ಹಾಕಿ ತಗೋಬೇಕು ಎಂದೆ. "ದುಡ್ಡು ಹಾಕ್ಬೇಕು ಅಂದ್ಮೇಲೆ ಅದು ಅಂಗಡಿ," ಅಂದರು.

ಅಷ್ಟರಲ್ಲಿ ಇವರಿಗೆ ರೈಲಿನ ಉಪಾಯ ಹೊಳೆದಿತ್ತು. ರೂಮು ಸಿಗದ ರಾತ್ರಿ ರೈಲು ಹತ್ತಿ ಮನೆಗೆ ಬಂದು ಮಲಗಿ, ಬೆಳಿಗ್ಗೆ ವಾಪಸ್ ಹೋಗಿ ಬಿಟ್ಟಲ್ಲಿಂದ ನಡೆಯುವುದು. ಟಿಂಡ್ರಮ್ ಪುಟ್ಟ ಹಳ್ಳಿ, ಆದರೆ ಎರಡು ರೈಲ್ವೆ ಸ್ಟೇಷನ್ನು: ಮೇಲಿನದು ಫೋರ್ಟ್ ವಿಲಿಯಂ ಕಡೆಯ ರೈಲಿಗೆ, ಕೆಳಗಿನದು ಓಬನ್ ಕಡೆಯದಕ್ಕೆ. ಇವರು ಹೋಗುವುದಕ್ಕೆ ಕೆಳಗಿನದನ್ನೂ ಬರುವುದಕ್ಕೆ ಮೇಲಿನದನ್ನೂ ಎಕ್ಸೆಲ್‌ನಲ್ಲಿ ಒಂದೇ ಸ್ಟೇಷನ್ ಎಂದು ಬರೆದು ಟೈಮಿಂಗ್ ಹೊಂದುತ್ತಿಲ್ಲವೆಂದು ಒಂದು ಸಂಜೆಯೆಲ್ಲ ರೈಲ್ವೆಯವರನ್ನು ಬೈದರು. ಅತ್ತೆಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. "ಅಷ್ಟು ಸಣ್ಣ ಊರಿಗೆ ಎರಡು ಸ್ಟೇಷನ್ನಾ? ನಮ್ಮ ತೀರ್ಥಹಳ್ಳಿಗೆ ಇನ್ನೂ ಒಂದಿಲ್ಲ."

ಕಡೆಗೆ ಸೆಪ್ಟೆಂಬರ್‌ಗೆ ಮುಂದೂಡಿದೆವು. ಸೆಪ್ಟೆಂಬರ್ ಅಂದರೆ ನುಸಿ ಇನ್ನೂ ಇರುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕಚ್ಚುವುದು ಹೆಣ್ಣು ನುಸಿ ಮಾತ್ರ. ಗಂಟೆಗೆ ಏಳು ಮೈಲಿಗಿಂತ ಜೋರು ಗಾಳಿ ಬೀಸಿದರೆ ಅದಕ್ಕೆ ಹಾರಲಾಗುವುದಿಲ್ಲವಂತೆ. ಹವಾಮಾನದ ಹಾಗೆ ನುಸಿಗೂ ಮುನ್ಸೂಚನೆ ಇದೆ, ಒಂದರಿಂದ ಐದರವರೆಗೆ. ಎಕ್ಸೆಲ್‌ಗೆ ಗಾಳಿಯ ಕಾಲಂ ಸೇರಿತು. ಅತ್ತೆ ಮಲೆನಾಡಿನವರು, ಉಂಬಳದ ಮೇಲೆ ಪಿಎಚ್‌ಡಿ ಮಾಡಿದವರು. "ಉಂಬಳಕ್ಕಾದ್ರೆ ಉಪ್ಪು, ಹೊಗೆಸೊಪ್ಪು ಸಾಕು. ಇದಕ್ಕೆ ಎಂತ?" ಅಂದರು. ನಾನು ತಲೆಯಿಂದ ಕುತ್ತಿಗೆವರೆಗೆ ಮುಚ್ಚುವ ಬಲೆ ಹಾಕಿಕೊಂಡು ತೋರಿಸಿದೆ. ಅವರು ಬಹಳ ಹೊತ್ತು ನಕ್ಕರು. ಇವರ ದುಬಾರಿ ಮಳೆ ಜಾಕೆಟ್ಟಿನ ಬೆಲೆ ಕೇಳಿದಾಗ ಮಾತ್ರ ನಗಲಿಲ್ಲ; ಅಷ್ಟು ದುಡ್ಡಿಗೆ ಊರಿಗೆಲ್ಲ ಕಂಬಳಿ ಕೊಪ್ಪೆ ಹಂಚಬಹುದಿತ್ತು ಅಂದರು.

ಹೊಸ ಶೂ ಪಳಗಲೆಂದು ಒಂದು ಭಾನುವಾರ ಕೆಲ್ವಿನ್ ಹೊಳೆಯ ದಂಡೆ ಹಿಡಿದು ಮಲ್‌ಗೈವರೆಗೆ ನಡೆದೆವು. ದಾರಿ ಶುರುವಾಗುವಲ್ಲಿ ಗ್ರಾನೈಟ್ ಕಂಬವೊಂದಿದೆ, ಎಲ್ಲರೂ ಅಲ್ಲಿ ಹೊರಡುವ ಮುಂಚೆ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಕಂಬಕ್ಕೆ ಒರಗಿ ಶೂ ಬಿಚ್ಚಿ ಕೂತೆವು. ಆಗ ತಾನೇ ಹೊರಟಿದ್ದ ಜರ್ಮನ್ ಮುದುಕರೊಬ್ಬರು ನಾವು ಪೂರ್ತಿ ದಾರಿ ಮುಗಿಸಿ ಬಂದವರೆಂದು ತಿಳಿದು ಕೈಕುಲುಕಿ ಅಭಿನಂದಿಸಿದರು. ಇವರು ವಿನಯದಿಂದ ಥ್ಯಾಂಕ್ಸ್ ಹೇಳಿದರು.

ಇನ್ನು ಲಗೇಜು. ಬ್ಯಾಗನ್ನು ಪ್ರತಿ ರಾತ್ರಿಯ ತಂಗುದಾಣಕ್ಕೆ ವ್ಯಾನಿನಲ್ಲಿ ಮುಟ್ಟಿಸುವವರಿದ್ದಾರೆ. ನಾವು ಹಿಡಿದವರ ನಿಯಮ, ಒಂದು ಬ್ಯಾಗು 20 ಕಿಲೋ ದಾಟಬಾರದು. ಒಂದು ಸಲ ಕಟ್ಟಿ ನೋಡೋಣವೆಂದು ಇವರು ವಿಮಾನಕ್ಕೆ ಹೋಗುವಾಗ ಬಳಸುವ ಕೈ ತಕ್ಕಡಿಗೆ ನೇತುಹಾಕಿದರು. 26 ತೋರಿಸಿತು. ಬಿಚ್ಚಿದರೆ ಅವಲಕ್ಕಿ, ಚಟ್ನಿಪುಡಿ, ಕಷಾಯದ ಪುಡಿ, ಹಲಸಿನ ಹಪ್ಪಳದ ಕಟ್ಟು, ಸಣ್ಣ ಕರೆಂಟ್ ಕುಕ್ಕರು. ತಳದಲ್ಲಿ, ನನ್ನ ಉಣ್ಣೆ ಕಾಲುಚೀಲದೊಳಗೆ ಮಗುವಿನ ಹಾಗೆ ಮಲಗಿಸಿದ ಮಿಡಿ ಉಪ್ಪಿನಕಾಯಿಯ ಬಾಟಲಿ. ಮುಚ್ಚಳ ಸಡಿಲ. ಕೆಂಪು ರಸ ಕಾಲುಚೀಲ ದಾಟಿ, ಮಡಿಸಿಟ್ಟ ಮ್ಯಾಪಿಗೆ ಇಳಿದು, ರಾನಕ್ ಮೂರ್ ಪೂರ್ತಿ ತೊಯ್ದಿತ್ತು. ಇವರು ಟಿಶ್ಯೂ ತಂದು ಒರೆಸಿದರು. ರಸದ ಜೊತೆ ದಾರಿಯ ಗೆರೆಯೂ ಎದ್ದು ಬಂತು. ಹಾಲ್ ತುಂಬ ಇಂಗಿನ ಘಮ.

"ಅದು ಜವುಗು ಅಂತ ನೀನೇ ಹೇಳಿದ್ಯಲ್ಲ," ಅಂದರು ಅತ್ತೆ. "ಈಗ ಸರಿಯಾಗಿ ಕಾಣ್ತದೆ."

ಅವರು ಕುಕ್ಕರ್ ಬಿಟ್ಟುಕೊಟ್ಟರು, ಉಪ್ಪಿನಕಾಯಿ ಬಿಡಲಿಲ್ಲ. ಕೊನೆಗೆ ಒಪ್ಪಂದವಾಯಿತು: ನಾವು ನಡೆಯುತ್ತೇವೆ, ಕೊನೆಯ ದಿನ ಅತ್ತೆ ಉಪ್ಪಿನಕಾಯಿ ಸಮೇತ ಗ್ಲಾಸ್ಗೋದಿಂದ ರೈಲಿನಲ್ಲಿ ಫೋರ್ಟ್ ವಿಲಿಯಂಗೆ ಬರುತ್ತಾರೆ. ರೈಲಿಗೆ ನಾಲ್ಕು ಗಂಟೆಯೂ ಬೇಡ ಎಂದು ತಿಳಿದಾಗ ಅವರು ಮಗನ ಮುಖವನ್ನೊಮ್ಮೆ, ಎಕ್ಸೆಲ್ ಹಾಳೆಯನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿ ಇತ್ತು.

ಮೊನ್ನೆ ರಾತ್ರಿ ಕಟ್ಟಕಡೆಯ ರೂಮಿಗೂ ದುಡ್ಡು ಕಟ್ಟಿ ಮುಗಿಯಿತು. ಎಲ್ಲವೂ ಹೊಂದಿಕೊಂಡಿದೆ, ಒಂದು ರೂಮನ್ನೂ ಬದಲಾಯಿಸುವಂತಿಲ್ಲ, ದುಡ್ಡು ವಾಪಸ್ ಬರುವುದಿಲ್ಲ. ಇವರು ಖುಷಿಗೆ ಎಕ್ಸೆಲ್ ಹಾಳೆಯ ಸ್ಕ್ರೀನ್‌ಶಾಟ್ ತೆಗೆದು, ಸತ್ತೇ ಹೋಗಿದ್ದ ಗ್ರೂಪಿಗೆ ಹಾಕಿದರು. ಐದು ನಿಮಿಷದಲ್ಲಿ, ಗ್ರೂಪ್ ಬಿಡಲು ಬಾರದೆ ಉಳಿದಿದ್ದವರಿಂದ ಉತ್ತರ ಬಂತು:

"ಸೂಪರ್ ಸರ್! ನಮ್ಮ ಕಡೆಯಿಂದ ನಾಲ್ಕು ಜನ. ಅದೇ ಹೋಟೆಲುಗಳಲ್ಲಿ ಹೇಳಿಬಿಡಿ. ಟೀ ಶರ್ಟ್ ಸೈಜ್ ನಾಳೆ ಕಳಿಸ್ತೀವಿ."