ಅಳಂಬೆ ತೋರಿಸಿದ್ದು ಅರಿವೇ?

ಮ್ಯಾಜಿಕ್ ಮಶ್ರೂಮ್ ಎಂಬ ಅಳಂಬೆಯನ್ನು ಅದರಲ್ಲಿರುವ, ಇಲ್ಲದ್ದನ್ನು ಕಾಣಿಸುವ ಮಾದಕ ರಾಸಾಯನಿಕವಾದ ಸೈಲೋಸೈಬಿನ್ನಿನ 'ಮಿಶ್ರಣ' ಎಂದು ಎಣಿಸಲಾಗದು ಎಂದು 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ ಹೇಳಿದ ಮೇಲೆ ನಮ್ಮ ಕಾಸರಗೋಡಿನಲ್ಲೂ ಈ ಮಾತು ಎದ್ದಿತು. ಕಾನೂನು ವಕೀಲರಿಗಿರಲಿ. ನಮ್ಮ ಪ್ರಶ್ನೆ ಬೇರೆ: ಆ ಅಳಂಬೆ ನುಂಗಿದವನಿಗೆ ಕಂಡದ್ದು ನಿಜವಾದ ಅರಿವೇ, ಬರೀ ಭ್ರಮೆಯೇ?

ಪರ

ಆಟಿಯ ಮಳೆಗೆ ಹಟ್ಟಿಗೊಬ್ಬರದ ಮೇಲೆ ಎದ್ದ ಅಳಂಬೆಯನ್ನು ಮಕ್ಕಳು ಮುಟ್ಟದಂತೆ ಅಜ್ಜಿ ಕಾಲಲ್ಲೇ ಮೆಟ್ಟಿಬಿಡುತ್ತಿದ್ದರು. ಕೆಲವು ಅಳಂಬೆಗಳಲ್ಲಿರುವ ಸೈಲೋಸೈಬಿನ್ ಈಗ ಮತ್ತೆ ಪ್ರಯೋಗಾಲಯ ಸೇರಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ 2006ರ ಅಧ್ಯಯನದಲ್ಲಿ ಅದನ್ನು ಸೇವಿಸಿದವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನ, ಬದುಕಿನ ಅತಿ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಇದೂ ಒಂದು ಎಂದರು. ಯಾವ ಮದ್ದಿಗೂ ಬಗ್ಗದ ಖಿನ್ನತೆಗೆ ಆಸ್ಟ್ರೇಲಿಯಾದ ಅಧಿಕೃತ ಮನೋವೈದ್ಯರು 2023ರ ಜುಲೈಯಿಂದ ಇದನ್ನು ಬರೆದುಕೊಡಬಹುದು.

ರಸಾಯನದಿಂದ ಬಂದದ್ದು, ಹಾಗಾಗಿ ಸುಳ್ಳು ಅನ್ನುತ್ತೀರಾ? ಏಕಾದಶಿಯ ಉಪವಾಸದಲ್ಲಿ, ರಾತ್ರಿಯಿಡೀ ಭಜನೆಯಲ್ಲಿ ಮಿದುಳಿನ ರಸಾಯನ ಇದ್ದ ಹಾಗೇ ಇರುತ್ತದೆಯೇ? ಬೇರು ನೋಡಿ ಬೆಲೆ ಕಟ್ಟಬಾರದು, ಫಲ ನೋಡಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲೇ ವಾದಿಸಿದ್ದ. ಮತ್ತು ತರಿಸುವ ನೈಟ್ರಸ್ ಆಕ್ಸೈಡ್ ಅನಿಲವನ್ನು ಸ್ವತಃ ಸೇದಿ ನೋಡಿದವನು ಬೇರೆ.

ವಿರೋಧ

ಫಲ ನೋಡೋಣ, ಆಗಲಿ. ಆದರೆ ಅದು ಮದ್ದಿನ ಲೆಕ್ಕ, ಅರಿವಿನ ಲೆಕ್ಕವಲ್ಲ. ಖಿನ್ನತೆ ಇಳಿದರೆ ಸಂತೋಷವೇ. ಅಷ್ಟಕ್ಕೆ ಅದನ್ನು ನುಂಗಿದವನು ಹೇಳುವ 'ಎಲ್ಲವೂ ಒಂದೇ ಎಂದು ಕಂಡೆ' ಎಂಬುದು ನಿಜವಾಗಿಬಿಡುವುದಿಲ್ಲ. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಹಾರಿದವನಿಗೂ ಆ ಗಳಿಗೆಯಲ್ಲಿ ಸಂಶಯವಿರಲಿಲ್ಲ. ಅವನ ಬೆವರು ನಿಜ, ಹಾವು ನಿಜವಲ್ಲ.

ಪ್ರಯೋಗದಲ್ಲೂ ಒಂದು ತೊಡಕಿದೆ. ತನಗೆ ಸಿಕ್ಕಿದ್ದು ಅಸಲಿ ಮದ್ದೋ ಬರೀ ಗುಳಿಗೆಯೋ ಎಂಬುದು ನುಂಗಿದ ಸ್ವಲ್ಪ ಹೊತ್ತಿಗೆ ನುಂಗಿದವನಿಗೇ ತಿಳಿದುಹೋಗುತ್ತದೆ. ಆಮೇಲೆ ಅವನ ಮಾತಿನಲ್ಲಿ ಮದ್ದೆಷ್ಟು, ನಿರೀಕ್ಷೆಯೆಷ್ಟು?

ನಮ್ಮಲ್ಲಿ ಆವೇಶಕ್ಕೆ ಬರಗಾಲವಿಲ್ಲವಷ್ಟೆ. ಆದರೆ ದೈವದ ನೇಮದಲ್ಲಿ ಎಣ್ಣೆಬೂಳ್ಯ (ದೈವ ಕಟ್ಟುವವನಿಗೆ ಕೊಡುವ ಎಣ್ಣೆ-ವೀಳ್ಯ) ಪಡೆದು ವ್ರತ ಹಿಡಿದವನ ಕಾಲಿಗೇ ಗಗ್ಗರವೆಂಬ ಗೆಜ್ಜೆ. ದೈವ ನುಡಿ ಕೊಟ್ಟಾಗ ಗುತ್ತಿನ (ಊರ ಮುಖ್ಯ ಮನೆತನದ) ಹಿರಿಯರು ಕೈಮುಗಿದುಕೊಂಡೇ ಮರುಪ್ರಶ್ನೆ ಹಾಕುತ್ತಾರೆ: 'ಹಾಗಾದರೆ ಹೋದ ವರ್ಷ ಕೊಟ್ಟ ಅಭಯ ಏನಾಯಿತು?' ಊರಿಗೆ ಊರೇ ಕಿವಿಗೊಟ್ಟು ನಿಂತಿರುತ್ತದೆ. ನಾನು ದೈವವನ್ನು ನಂಬುವವನೂ ಅಲ್ಲ, ಆದರೂ ಆ ಮರುಪ್ರಶ್ನೆಗೆ ತಲೆಬಾಗುತ್ತೇನೆ. ಫ್ಲಾಟಿನ ಬಾಗಿಲು ಹಾಕಿಕೊಂಡು ಅಳಂಬೆ ನುಂಗಿದವನನ್ನು ಕೇಳುವವರು ಯಾರು? ಆಸ್ಟ್ರೇಲಿಯಾದಲ್ಲಿ ವೈದ್ಯರು ಪಕ್ಕದಲ್ಲೇ ಕೂತಿರುತ್ತಾರೆ, ಒಪ್ಪಿದೆ. ಅವರು ನೋಡುವುದು ರೋಗಿಯ ರಕ್ತದೊತ್ತಡ, ಹೆದರಿಕೆ. ಕಂಡದ್ದು ಹಗ್ಗವೋ ಹಾವೋ ಎಂದು ಕೇಳುವುದು ಅವರ ಕೆಲಸವಲ್ಲ.